ಮಕ್ಕಳು, ಅಜ್ಜಿ–ತಾತಂದಿರ ಜೊತೆ ಲಂಡನ್: ದಣಿದು ಬೀಳದೆ ಐದು ದಿನ ಸುತ್ತುವ ಕ್ರಮ

ಊರಿನಲ್ಲಿ ಪರೀಕ್ಷೆಗಳು ಮುಗಿದವೆಂದರೆ ಲಂಡನ್ನಿನ ನಮ್ಮ ಮನೆಗೆ ನೆಂಟರು ಬರುವ ಕಾಲ. ಅವರಿಗಿಂತ ಮೊದಲು ಅವರ ಪಟ್ಟಿ ನನ್ನ ಮೊಬೈಲಿಗೆ ಬಂದಿರುತ್ತದೆ. "ಬೆಳಿಗ್ಗೆ ಟವರ್, ಹನ್ನೊಂದಕ್ಕೆ ಅರಮನೆ, ಊಟವಾದ ಮೇಲೆ ಮ್ಯೂಸಿಯಂ, ಸಂಜೆ ಗ್ರೀನಿಚ್, ರಾತ್ರಿ ಲಂಡನ್ ಐ." ಕಾಗದದ ಮೇಲೆ ಎಲ್ಲವೂ ಹಿಡಿಸುತ್ತದೆ. ಆದರೆ ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಮಗು ಯಾವುದೋ ರೈಲು ನಿಲ್ದಾಣದ ಮೆಟ್ಟಿಲ ಮೇಲೆ ಕುಳಿತು ಅಳುತ್ತಿರುತ್ತದೆ, ಅಜ್ಜಿಯ ಮೊಣಕಾಲು ಊದಿಕೊಂಡಿರುತ್ತದೆ, ಮುಂಗಡ ಕೊಟ್ಟ ಟಿಕೆಟ್ಟಿನ ಸಮಯ ಮೀರಿರುತ್ತದೆ.

ತಪ್ಪು ಎಲ್ಲರದ್ದೂ ಒಂದೇ. ಹೆಸರು ನೋಡಿ ಪಟ್ಟಿ ಮಾಡುತ್ತಾರೆ, ನಕ್ಷೆ ನೋಡುವುದಿಲ್ಲ. ಮ್ಯೂಸಿಯಂ ಒಳಗಿನ ನಡಿಗೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಸುರಂಗ ರೈಲಿನಿಂದ ಇನ್ನೊಂದು ರೈಲಿಗೆ ಬದಲಾಯಿಸುವ ದಾರಿಯೇ ಒಂದು ಬೀದಿಯಷ್ಟು ಉದ್ದವಿರುತ್ತದೆಂದು ಅವರಿಗೆ ಯಾರೂ ಹೇಳಿರುವುದಿಲ್ಲ.

ಆದ್ದರಿಂದ ಈ ಮಾರ್ಗದರ್ಶಿಯ ಸೂತ್ರ ಇಷ್ಟೇ: ಒಂದು ದಿನಕ್ಕೆ ಒಂದೇ ದಿಕ್ಕು. ಬೆಳಿಗ್ಗೆ ಒಂದು ದೊಡ್ಡ ಜಾಗ, ಮಧ್ಯಾಹ್ನದ ಮೇಲೆ ಮಕ್ಕಳು ಓಡುವುದಕ್ಕೆ ಹಿರಿಯರು ಕೂರುವುದಕ್ಕೆ ಒಂದು ಬಯಲು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ವೀಸಾದ ವಿಷಯ ಬೇರೆಯೇ ಬರಹ ಬೇಡುವಂಥದ್ದು. ಅದು ಕೈಗೆ ಬಂದಿದೆ ಎಂದುಕೊಂಡೇ ಇಲ್ಲಿ ಬರೆಯುತ್ತಿದ್ದೇನೆ.

ಹಂತ 1: ಹೊರಡುವ ತಿಂಗಳ ಮೊದಲು ಮಾಡಬೇಕಾದದ್ದು

ಮೊದಲು ಬ್ಯಾಂಕಿನ ಕೆಲಸ. ರಿಸರ್ವ್ ಬ್ಯಾಂಕಿನ 2020ರ ನಿಯಮದ ಪ್ರಕಾರ ನಮ್ಮ ಕಾರ್ಡುಗಳು ಸಾಮಾನ್ಯವಾಗಿ ದೇಶದೊಳಗಿನ ಬಳಕೆಗೆ ಮಾತ್ರ ತೆರೆದಿರುತ್ತವೆ. ಬ್ಯಾಂಕಿನ ಆ್ಯಪ್‌ನಲ್ಲಿ ವಿದೇಶಿ ವಹಿವಾಟನ್ನೂ, ಮುಟ್ಟಿಸಿ ಪಾವತಿಸುವ ಸೌಲಭ್ಯವನ್ನೂ ನೀವೇ ತೆರೆಯಬೇಕು. ಇವೆರಡೂ ಬೇರೆ ಬೇರೆ ಗುಂಡಿಗಳು. ಒಂದನ್ನು ಒತ್ತಿ ಇನ್ನೊಂದನ್ನು ಮರೆತವರೇ ವಿಮಾನ ನಿಲ್ದಾಣದ ಗೇಟಿನಲ್ಲಿ ನಿಂತುಬಿಡುತ್ತಾರೆ. ಪ್ರಯಾಣ ಮಾಡುವ ಪ್ರತಿ ದೊಡ್ಡವರಿಗೂ ಒಂದೊಂದು ಕಾರ್ಡ್ ಬೇಕು. ಕಾರಣವನ್ನು ಮೂರನೆಯ ಹಂತದಲ್ಲಿ ಹೇಳುತ್ತೇನೆ.

ಎರಡನೆಯದು ಟಿಕೆಟ್. ಟವರ್ ಆಫ್ ಲಂಡನ್ (ನದಿಯಂಚಿನ ಹಳೆಯ ಕೋಟೆ), ಲಂಡನ್ ಐ (ನದಿಯಂಚಿನ ದೊಡ್ಡ ತಿರುಗುಚಕ್ರ) ಇವಕ್ಕೆ ಹಣ ಕೊಡಬೇಕು. ಬ್ರಿಟಿಷ್ ಮ್ಯೂಸಿಯಂ, ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ, ಸೈನ್ಸ್ ಮ್ಯೂಸಿಯಂ, ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂ ಇವೆಲ್ಲ ಉಚಿತ. ಉಚಿತವೆಂದು ಹಾಗೆಯೇ ಹೋಗಿ ನಿಲ್ಲಬೇಡಿ. ಜಾಲತಾಣದಲ್ಲಿ ಶೂನ್ಯ ಬೆಲೆಯ ಪ್ರವೇಶ ಚೀಟಿಗೆ ಅವಕಾಶವಿದ್ದರೆ ಬೆಳಗಿನ ಮೊದಲ ಸಮಯಕ್ಕೆ ಕಾದಿರಿಸಿ. ಶಾಲಾ ರಜೆಯ ದಿನಗಳಲ್ಲಿ ಇದರಿಂದ ಸಾಲಿನ ಅರ್ಧ ಭಾರ ತಪ್ಪುತ್ತದೆ.

ಎತ್ತರದಿಂದ ನಗರ ನೋಡುವ ಆಸೆ ಮಾತ್ರವಿದ್ದರೆ ಲಂಡನ್ ಐಗೆ ದುಡ್ಡು ಸುರಿಯಬೇಕಾಗಿಲ್ಲ. ಫೆನ್‌ಚರ್ಚ್ ಬೀದಿಯ ಸ್ಕೈ ಗಾರ್ಡನ್‌ಗೆ ಪ್ರವೇಶ ಉಚಿತ. ಚೀಟಿಗಳನ್ನು ಸುಮಾರು ಮೂರು ವಾರ ಮುಂಚೆ, ಸೋಮವಾರಗಳಂದು ಬಿಡುತ್ತಾರೆ, ಬೇಗ ಮುಗಿದುಹೋಗುತ್ತವೆ. ಮಕ್ಕಳು ಚಕ್ರ ಹತ್ತಲೇಬೇಕೆಂದು ಹಟ ಹಿಡಿದರೆ ಆ ಮಾತು ಬೇರೆ. ಒಂದು ಸುತ್ತಿಗೆ ಅರ್ಧ ಗಂಟೆ.

ಚೀಲಕ್ಕೆ ಹಾಕಲೇಬೇಕಾದ ಸಾಮಾನುಗಳಿವು: ಬ್ರಿಟನ್ನಿನ ಚೌಕ ಮೂರು ಕಾಲಿನ ಪ್ಲಗ್ ಅಡಾಪ್ಟರ್ ಎರಡು (ನಮ್ಮ ಗುಂಡು ಕಾಲಿನ ಪ್ಲಗ್ ಕೂರುವುದಿಲ್ಲ), ಪವರ್ ಬ್ಯಾಂಕ್, ತಲೆಗೆ ಟೋಪಿಯಿರುವ ಮಳೆ ಅಂಗಿ, ನೀರಿನ ಬಾಟಲಿ, ಒಂದೇ ಕೈಯಲ್ಲಿ ಮಡಚಲು ಬರುವ ಹಗುರ ಸ್ಟ್ರೋಲರ್. ನಾಲ್ಕು ವರ್ಷದ ಮಗು ಊರಿನಲ್ಲಿ ಸ್ಟ್ರೋಲರ್ ಬಿಟ್ಟು ವರ್ಷವಾಗಿದ್ದರೂ ಇಲ್ಲಿಗೆ ತನ್ನಿ. ಕೊಡೆ ಬೇಡ, ನದಿಯ ಗಾಳಿಗೆ ತಿರುವಿಬೀಳುತ್ತದೆ. ಹೊಸ ಶೂಗಳನ್ನು ಇಲ್ಲಿಗೆ ಬಂದು ಮೊದಲ ಸಲ ಹಾಕಿಕೊಳ್ಳಬೇಡಿ, ತಿಂಗಳ ಮೊದಲೇ ಹಾಕಿ ಪಳಗಿಸಿ.

ತರಬಾರದ್ದೂ ಇದೆ. ಭಾರತದಿಂದ ಬರುವ ಪ್ರಯಾಣಿಕರು ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ತರುವಂತಿಲ್ಲ. ಧಾರವಾಡ ಪೇಡ, ತುಪ್ಪದ ಡಬ್ಬಿ, ಹಸಿ ಕರಿಬೇವು ಮನೆಯಲ್ಲೇ ಇರಲಿ. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಅವಲಕ್ಕಿ ನಿಮ್ಮನ್ನು ಕಾಪಾಡುತ್ತವೆ.

ಹಂತ 2: ತಂಗುವ ಜಾಗ ಆರಿಸುವಾಗ

ನಗರದ ನಟ್ಟನಡುವೆ ಇರಬೇಕೆಂಬ ಹಟ ಬೇಡ. ಮೂರು ಪ್ರಶ್ನೆ ಕೇಳಿ: ಕಟ್ಟಡದಲ್ಲಿ ಲಿಫ್ಟ್ ಇದೆಯೇ? ಹತ್ತಿರದ ರೈಲು ನಿಲ್ದಾಣ ಮೆಟ್ಟಿಲಿಲ್ಲದ್ದೇ? ಅಡುಗೆ ಮನೆಯ ಮೂಲೆಯಾದರೂ ಉಂಟೇ?

ಮೊದಲ ಪ್ರಶ್ನೆಯಲ್ಲೇ ಹೆಚ್ಚು ಜನ ಏಮಾರುವುದು. ಇಲ್ಲಿನ ಎಷ್ಟೋ ಸಣ್ಣ ಹೋಟೆಲುಗಳು ವಿಕ್ಟೋರಿಯಾ ರಾಣಿಯ ಕಾಲದ ಸಾಲುಮನೆಗಳು. ಮೆಟ್ಟಿಲು ಕಡಿದು, ಇಕ್ಕಟ್ಟು, ಮೇಲಿನ ಮಹಡಿಯವರೆಗೆ ಪೆಟ್ಟಿಗೆ ಹೊರಬೇಕು. ಮೂರು ವರ್ಷದ ಹಿಂದೆ ನಮ್ಮ ಅತ್ತೆಗೆ ನಾಲ್ಕನೆಯ ಮಹಡಿಯ ಕೋಣೆ ಸಿಕ್ಕಿ, ಬೆಳಿಗ್ಗೆ ಕೆಳಗಿಳಿದವರು ಮತ್ತೆ ರಾತ್ರಿಯೇ ಹತ್ತುತ್ತಿದ್ದರು. ಮಧ್ಯಾಹ್ನದ ವಿಶ್ರಾಂತಿ ಅವರಿಗೆ ಐದು ದಿನವೂ ಇಲ್ಲವಾಯಿತು.

ಅಡುಗೆ ಸೌಲಭ್ಯ ಇಲ್ಲದ ಕೋಣೆಯಲ್ಲಿ ಇಂಡಕ್ಷನ್ ಒಲೆ ಹಚ್ಚಬೇಡಿ, ಊದಿನಕಡ್ಡಿಯನ್ನೂ ಹಚ್ಚಬೇಡಿ. ಹೊಗೆ ಪತ್ತೆ ಯಂತ್ರ ಕೂಗಿಕೊಂಡರೆ ಇಡೀ ಕಟ್ಟಡದ ಜನ ಬೀದಿಗೆ ಇಳಿಯಬೇಕಾಗುತ್ತದೆ.

ಹಂತ 3: ಕಾರ್ಡ್, ಗೇಟು, ಬಸ್ಸು

ಜನ ಹೆಚ್ಚು ಹಣ ಕಳೆದುಕೊಳ್ಳುವುದು ಈ ಹಂತದಲ್ಲಿ. ನಿಧಾನವಾಗಿ ಓದಿ.

ಲಂಡನ್ನಿನ ಬಸ್ಸು–ರೈಲುಗಳಲ್ಲಿ ಪಾವತಿಗೆ ಎರಡು ದಾರಿ: ನಿಮ್ಮ ಬ್ಯಾಂಕ್ ಕಾರ್ಡನ್ನೇ ಮುಟ್ಟಿಸುವುದು, ಇಲ್ಲವೇ ಆಯ್ಸ್ಟರ್ ಕಾರ್ಡ್ ಕೊಂಡು ಹಣ ತುಂಬುವುದು. ಎರಡಕ್ಕೂ ದರ ಬಹುಪಾಲು ಒಂದೇ. ಆಯ್ಸ್ಟರ್ ಕಾರ್ಡಿನ ಬೆಲೆ ವಾಪಸು ಬರುವುದಿಲ್ಲ. ಬ್ಯಾಂಕ್ ಕಾರ್ಡಿಗೆ ವಿದೇಶಿ ವಿನಿಮಯ ಶುಲ್ಕ ಬೀಳುತ್ತದೆ. ಐದು ದಿನಕ್ಕೆ ಬ್ಯಾಂಕ್ ಕಾರ್ಡ್ ಸಾಕು. ನಗದು ಕೊಟ್ಟು ಬಸ್ ಹತ್ತುವ ಪದ್ಧತಿ 2014ರಲ್ಲೇ ನಿಂತುಹೋಗಿದೆ.

ಒಬ್ಬರಿಗೆ ಒಂದು ಕಾರ್ಡ್. ಅಪ್ಪನ ಕಾರ್ಡನ್ನೇ ಅಪ್ಪ, ಅಮ್ಮ, ಅಜ್ಜಿ ಮೂವರಿಗೂ ಮುಟ್ಟಿಸಲು ಆಗದು. ಎರಡನೆಯವರಿಗೆ ಗೇಟು ತೆರೆಯುವುದಿಲ್ಲ.

ರೈಲಿಗೆ ಹೋಗುವಾಗಲೂ ಬರುವಾಗಲೂ ಮುಟ್ಟಿಸಬೇಕು. ಬಸ್ಸಿಗೆ ಹತ್ತುವಾಗ ಮಾತ್ರ. ಒಳಗೆ ಹೋಗುವಾಗ ಪ್ಲಾಸ್ಟಿಕ್ ಕಾರ್ಡ್, ಹೊರಗೆ ಬರುವಾಗ ಮೊಬೈಲಿನಲ್ಲಿರುವ ಅದೇ ಕಾರ್ಡ್ ಮುಟ್ಟಿಸಿದರೆ ಯಂತ್ರ ಅವನ್ನು ಇಬ್ಬರು ಬೇರೆ ಪ್ರಯಾಣಿಕರೆಂದು ಎಣಿಸುತ್ತದೆ. ಎರಡು ಅಪೂರ್ಣ ಪ್ರಯಾಣ, ಎರಡಕ್ಕೂ ಗರಿಷ್ಠ ದರ. ನನ್ನ ಭಾವನವರು ಮೂರು ದಿನ ಹೀಗೆಯೇ ಮಾಡಿ, ಬ್ಯಾಂಕಿನ ಸಂದೇಶ ನೋಡಿದ ಮೇಲೆ ಎಚ್ಚೆತ್ತರು. ಬೆಳಿಗ್ಗೆ ಯಾವುದನ್ನು ಮುಟ್ಟಿಸುತ್ತೀರೋ ಐದೂ ದಿನ ಅದನ್ನೇ ಮುಟ್ಟಿಸಿ. ಹಾಗೆ ಮಾಡಿದರೆ ದಿನಕ್ಕೆ ಇಂತಿಷ್ಟೇ ಎಂಬ ಮಿತಿಯ ಲಾಭವೂ ಸಿಗುತ್ತದೆ. ಮಿತಿ ಮುಟ್ಟಿದ ಮೇಲೆ ಆ ದಿನ ಎಷ್ಟು ತಿರುಗಿದರೂ ಹಣ ಕಡಿತವಾಗದು.

ಮಕ್ಕಳ ಲೆಕ್ಕ: ಹನ್ನೊಂದು ತುಂಬದ ಮಕ್ಕಳಿಗೆ ಬಸ್ಸು ಉಚಿತ. ಟ್ಯೂಬ್ ಎಂದು ಕರೆಯುವ ಸುರಂಗ ರೈಲಿನಲ್ಲಿ ಹಣ ಕೊಟ್ಟ ಒಬ್ಬ ದೊಡ್ಡವರ ಜೊತೆ ಹನ್ನೊಂದಕ್ಕಿಂತ ಸಣ್ಣ ನಾಲ್ಕು ಮಕ್ಕಳವರೆಗೆ ಉಚಿತ. ಅವರನ್ನು ಅಗಲವಾದ ಗೇಟಿನಲ್ಲಿ, ಸಿಬ್ಬಂದಿಗೆ ತೋರಿಸಿ ಕರೆದೊಯ್ಯಿರಿ. ಸಣ್ಣ ಗೇಟಿನಲ್ಲಿ ಮಗುವನ್ನು ಮುಂದೆ ತಳ್ಳಿ ನುಗ್ಗಬೇಡಿ, ಬಾಗಿಲು ರಪ್ಪನೆ ಮುಚ್ಚುತ್ತದೆ. 11ರಿಂದ 15ರ ಮಕ್ಕಳಿಗಾದರೆ ಒಂದು ಆಯ್ಸ್ಟರ್ ಕೊಂಡು, ನಿಲ್ದಾಣದ ಸಿಬ್ಬಂದಿಯಿಂದ ಅದಕ್ಕೆ 'ಯಂಗ್ ವಿಸಿಟರ್' ರಿಯಾಯಿತಿ ಹಾಕಿಸಿ. ಹದಿನಾಲ್ಕು ದಿನ ಅರ್ಧ ದರ. ನೀವು ಕೇಳದಿದ್ದರೆ ಯಾರೂ ತಾವಾಗಿ ಹಾಕುವುದಿಲ್ಲ.

ವಿಮಾನ ನಿಲ್ದಾಣದಿಂದ: ಹೀಥ್ರೂನಿಂದ ನಗರಕ್ಕೆ ಎಲಿಜಬೆತ್ ಲೈನ್ ಮತ್ತು ಪಿಕಡಿಲಿ ಲೈನ್ ಎರಡೂ ಬರುತ್ತವೆ. ಪಿಕಡಿಲಿ ಅಗ್ಗ, ಆದರೆ ಬೋಗಿ ಸಣ್ಣದು, ಸಮಯವೂ ಹೆಚ್ಚು. ದೊಡ್ಡ ಪೆಟ್ಟಿಗೆಗಳು, ನಿದ್ದೆಗಣ್ಣಿನ ಮಕ್ಕಳು ಇದ್ದರೆ ಎಲಿಜಬೆತ್ ಲೈನ್ ಹಿಡಿಯಿರಿ. ಅದರ ನಿಲ್ದಾಣಗಳಲ್ಲಿ ಲಿಫ್ಟ್ ಉಂಟು.

ಹಿರಿಯರಿದ್ದರೆ ಟ್ಯೂಬ್‌ಗಿಂತ ಬಸ್ಸೇ ವಾಸಿ. ಟ್ಯೂಬ್ ನಿಲ್ದಾಣಗಳಲ್ಲಿ ಬೀದಿಯಿಂದ ಮೆಟ್ಟಿಲಿಲ್ಲದೆ ಇಳಿಯಬಹುದಾದವು ಸುಮಾರು ಮೂರರಲ್ಲಿ ಒಂದು ಪಾಲು ಮಾತ್ರ. ನಕ್ಷೆಯಲ್ಲಿ ಅವಕ್ಕೆ ಗಾಲಿಕುರ್ಚಿಯ ಗುರುತಿದೆ. ಬಸ್ಸಿಗೆ ಒಂದೇ ಹೆಜ್ಜೆಯಲ್ಲಿ ಹತ್ತಬಹುದು. ಮೊದಲ ಬಸ್ಸು ಹತ್ತಿದ ಒಂದು ಗಂಟೆಯೊಳಗೆ ಇನ್ನೆಷ್ಟು ಬಸ್ಸು ಹತ್ತಿದರೂ ಮತ್ತೆ ಹಣವಿಲ್ಲ. ಬಸ್ಸಿನ ನಡುಭಾಗದಲ್ಲಿ ಸ್ಟ್ರೋಲರ್ ನಿಲ್ಲಿಸಬಹುದು, ಆದರೆ ಗಾಲಿಕುರ್ಚಿಯವರು ಬಂದರೆ ಜಾಗ ಅವರದ್ದು, ಮಡಚಿ ಎತ್ತಿಕೊಳ್ಳಬೇಕು. ಮಡಚಲು ಬರುವಂಥದ್ದು ಎಂದದ್ದು ಇದಕ್ಕೇ. ವಾರದ ದಿನಗಳಲ್ಲಿ ಬೆಳಿಗ್ಗೆ 6.30ರಿಂದ 9.30, ಸಂಜೆ 4ರಿಂದ 7 ದಟ್ಟಣೆಯ ಹೊತ್ತು. ಟ್ಯೂಬ್‌ನಲ್ಲಿ ದರವೂ ಹೆಚ್ಚು, ಉಸಿರಾಡಲು ಜಾಗವೂ ಕಡಿಮೆ.

ಎಸ್ಕಲೇಟರ್ ಮೇಲೆ ಬಲಕ್ಕೆ ನಿಲ್ಲಿ, ಎಡ ನಡೆಯುವವರಿಗೆ. ಸೀರೆಯ ನೆರಿಗೆ, ಮಕ್ಕಳ ಶೂ ಲೇಸು ಎರಡನ್ನೂ ನೋಡಿಕೊಳ್ಳಿ. ಕೋವೆಂಟ್ ಗಾರ್ಡನ್ ನಿಲ್ದಾಣದಲ್ಲಿ ಲಿಫ್ಟಿನ ಸಾಲು ಉದ್ದವಿದೆಯೆಂದು ಮೆಟ್ಟಿಲು ಹಿಡಿಯಬೇಡಿ: 193 ಮೆಟ್ಟಿಲು, ಸುರುಳಿ ಬೇರೆ, ನಡುವೆ ಕೂರಲು ಜಾಗವಿಲ್ಲ.

ಹಂತ 4: ಬಂದ ದಿನ

ಬೇಸಿಗೆಯಲ್ಲಿ ಲಂಡನ್ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಐದೂವರೆ. ಮಕ್ಕಳು ಸಂಜೆ ಆರಕ್ಕೆ ತೂಕಡಿಸಿ, ಬೆಳಗಿನ ಜಾವ ಮೂರಕ್ಕೆ ಎದ್ದು ಕೂರುತ್ತಾರೆ. ಬಂದ ದಿನ ಯಾವ ಟಿಕೆಟ್ಟೂ ಬೇಡ. ಪೆಟ್ಟಿಗೆ ಇಟ್ಟು ಹತ್ತಿರದ ಉದ್ಯಾನಕ್ಕೆ ಹೋಗಿ ಬೆಳಕಿನಲ್ಲಿ ಓಡಾಡಿಸಿ, ಅಂಗಡಿಯಿಂದ ಹಾಲು–ಹಣ್ಣು ತಂದು, ರಾತ್ರಿ ಎಂಟರವರೆಗೆ ಹೇಗಾದರೂ ಎಚ್ಚರ ಇರಿಸಿ. ಭಾನುವಾರ ಬಂದಿಳಿಯುವವರು ಗಮನಿಸಿ: ಅಂದು ದೊಡ್ಡ ಅಂಗಡಿಗಳು ತೆರೆದಿರುವುದು ಆರೇ ಗಂಟೆ.

ಮೊದಲ ಮೂರು ದಿನ ಮಕ್ಕಳು ಬೇಗ ಏಳುವುದು ತೊಂದರೆಯಲ್ಲ, ಅನುಕೂಲ. ಬಾಗಿಲು ತೆರೆಯುವ ಹೊತ್ತಿಗೆ ಸಾಲಿನ ಮುಂದೆ ನಿಲ್ಲುವುದು ನಿಮಗೆ ಸಲೀಸು. ಅದಕ್ಕೇ ಹೆಚ್ಚು ನೂಕುನುಗ್ಗಲಿರುವ ಜಾಗಗಳನ್ನು ಮೊದಲಿಗೆ ಇಟ್ಟಿದ್ದೇನೆ.

ಹಂತ 5: ನಾಲ್ಕು ದಿನ, ನಾಲ್ಕು ದಿಕ್ಕು

ಮೊದಲ ದಿನ – ಟವರ್ ಮತ್ತು ನದಿ. ಟವರ್ ಆಫ್ ಲಂಡನ್ ತೆರೆಯುವ ಹದಿನೈದು ನಿಮಿಷ ಮೊದಲು ಬಾಗಿಲಲ್ಲಿರಿ. ಒಳಗೆ ಹೋದವರು ಎಡಬಲ ನೋಡದೆ ನೇರ ಕಿರೀಟ–ಆಭರಣಗಳ ಕೋಣೆಗೆ ನಡೆಯಿರಿ. ಹೆಚ್ಚಿನವರು ಬಾಗಿಲ ಬಳಿಯ ಗೋಪುರಗಳಲ್ಲೇ ಗಂಟೆ ಕಳೆದು, ಹನ್ನೊಂದಕ್ಕೆ ಅಲ್ಲಿಗೆ ಹೋಗಿ ಹಾವಿನಂಥ ಸಾಲಿನಲ್ಲಿ ಸಿಕ್ಕಿಬೀಳುತ್ತಾರೆ. ಕೊಹಿನೂರ್ ಇರುವುದು ಎರಡನೆಯ ಎಲಿಜಬೆತ್ ರಾಣಿಯ ತಾಯಿಯ (ಕ್ವೀನ್ ಮದರ್) ಕಿರೀಟದಲ್ಲಿ. ಮುಖ್ಯ ಕಿರೀಟಗಳ ಮುಂದೆ ನೆಲವೇ ನಿಮ್ಮನ್ನು ಹೊತ್ತು ಸರಿಯುತ್ತದೆ, ನಿಂತು ನೋಡಲು ಬಿಡದು; ಮಕ್ಕಳಿಗೆ ಯಾವುದನ್ನು ನೋಡಬೇಕೆಂದು ಮೊದಲೇ ಹೇಳಿಟ್ಟಿರಿ. ಫೋಟೋಗೆ ಅವಕಾಶವಿಲ್ಲ.

ಅದಾದ ಮೇಲೆ ಕಡುನೀಲಿ–ಕೆಂಪು ಸಮವಸ್ತ್ರದ ಕಾವಲುಗಾರರು ನಡೆಸುವ ಸುತ್ತಾಟಕ್ಕೆ ಸೇರಿಕೊಳ್ಳಿ, ಟಿಕೆಟ್ಟಿನಲ್ಲೇ ಸೇರಿದೆ. ಇಂಗ್ಲಿಷ್ ವೇಗವಾಗಿ ಬರುತ್ತದೆ, ಅಜ್ಜಿ–ತಾತ ಬೆಂಚಿನಲ್ಲಿ ಕುಳಿತು ದೊಡ್ಡ ಕಾಗೆಗಳನ್ನು ನೋಡುತ್ತಿರಲಿ. ನಡುವಿನ ವೈಟ್ ಟವರ್‌ಗೆ ಸುರುಳಿ ಮೆಟ್ಟಿಲು. ಮೊಣಕಾಲು ನೋವಿನವರು ಬಿಟ್ಟರೆ ನಷ್ಟವಿಲ್ಲ. ಒಳಗೆಲ್ಲ ಕಲ್ಲು ಹಾಸಿನ ದಾರಿ, ಸ್ಟ್ರೋಲರ್ ಕುಲುಕುತ್ತದೆ.

ಒಂದು ಗಂಟೆಯ ಹೊತ್ತಿಗೆ ಹೊರಬಂದು ನದಿಯಂಚಿನಲ್ಲಿ ಬುತ್ತಿ ಬಿಚ್ಚಿ. ಟವರ್ ಬ್ರಿಡ್ಜ್ ಯಾವಾಗ ಮೇಲೇಳುತ್ತದೆ ಎಂಬ ವೇಳಾಪಟ್ಟಿ ಸೇತುವೆಯದ್ದೇ ಜಾಲತಾಣದಲ್ಲಿ ಇರುತ್ತದೆ. ಹಿಂದಿನ ರಾತ್ರಿ ನೋಡಿಕೊಂಡರೆ ಬಿಡಿಗಾಸಿಲ್ಲದೆ ಮಕ್ಕಳಿಗೆ ದಿನದ ದೊಡ್ಡ ಸಂಭ್ರಮ. ಆಮೇಲೆ ಟವರ್ ಪಿಯರ್‌ನಿಂದ ದೋಣಿ ಹತ್ತಿ ಗ್ರೀನಿಚ್‌ಗೆ. ದೋಣಿ ದುಬಾರಿ ಎನಿಸಿದರೆ ಬ್ಯಾಂಕ್ ನಿಲ್ದಾಣದಿಂದ ಲೂಯಿಶಮ್ ಕಡೆಯ ಡಿಎಲ್‌ಆರ್ (ಡಾಕ್‌ಲ್ಯಾಂಡ್ಸ್ ಲಘು ರೈಲು) ಹಿಡಿದು ಕಟಿ ಸಾರ್ಕ್‌ನಲ್ಲಿ ಇಳಿಯಿರಿ. ಈ ರೈಲಿನ ಮುಂದೆ ಚಾಲಕನ ಕೋಣೆಯೇ ಇಲ್ಲ. ಎದುರಿನ ಗಾಜಿಗೆ ಮೂಗು ಒತ್ತಿ ಕುಳಿತ ಮಗು ತಾನೇ ರೈಲು ನಡೆಸುತ್ತದೆ. ಮುಂದಿನ ಸೀಟು ಖಾಲಿ ಇಲ್ಲದಿದ್ದರೆ ಒಂದು ರೈಲು ಬಿಟ್ಟು ಕಾಯಿರಿ, ಬೇಗನೆ ಇನ್ನೊಂದು ಬರುತ್ತದೆ.

ಗ್ರೀನಿಚ್‌ನ ಉದ್ಯಾನದಲ್ಲಿ ಮಕ್ಕಳನ್ನು ಬಿಟ್ಟುಬಿಡಿ. ವೀಕ್ಷಣಾಲಯದ ಗುಡ್ಡ ಕಡಿದಾಗಿದೆ. ಮೇಲಿನಿಂದ ನಗರ ನೋಡುವುದು ಉಚಿತ, ಶೂನ್ಯ ರೇಖಾಂಶದ ಅಂಗಳಕ್ಕೆ ಟಿಕೆಟ್. ಏರಲಾರದ ಹಿರಿಯರಿಗೆ ಕೆಳಗೇ ಉಚಿತವಾದ ನ್ಯಾಷನಲ್ ಮ್ಯಾರಿಟೈಮ್ ಮ್ಯೂಸಿಯಂ ಇದೆ, ಕೂರಲು ಜಾಗ, ಶೌಚಾಲಯ ಎಲ್ಲವೂ ಇವೆ.

ಎರಡನೆಯ ದಿನ – ಸೌತ್ ಕೆನ್ಸಿಂಗ್ಟನ್. ಇಲ್ಲಿ ಮೂರು ದೊಡ್ಡ ಮ್ಯೂಸಿಯಂ ಒಂದೇ ಬೀದಿಯಲ್ಲಿವೆ. ಅಪಾಯ ಇರುವುದು ಅಲ್ಲೇ. ಪಕ್ಕದಲ್ಲೇ ಇದೆಯಲ್ಲ ಎಂದು ಮೂರನ್ನೂ ಒಂದೇ ದಿನ ಮುಗಿಸಲು ಹೋದವರಲ್ಲಿ ನಗುತ್ತಾ ಮನೆಗೆ ಬಂದವರನ್ನು ನಾನು ಕಂಡಿಲ್ಲ. ಒಂದನ್ನು ಪೂರ್ತಿ ನೋಡಿ, ಎರಡನೆಯದನ್ನು ಒಂದು ಗಂಟೆ ನೋಡಿ, ಮೂರನೆಯದನ್ನು ಬಿಡಿ.

ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ತೆರೆಯುವುದು ಹತ್ತಕ್ಕೆ. ಕ್ರಾಮ್‌ವೆಲ್ ರಸ್ತೆಯ ದೊಡ್ಡ ಬಾಗಿಲಿನ ಮುಂದೆ ಸಾಲು ಉದ್ದ. ಎಕ್ಸಿಬಿಷನ್ ರಸ್ತೆಯ ಬಾಗಿಲಿಗೆ ಮೆಟ್ಟಿಲಿಲ್ಲ, ಸಾಲೂ ಸಾಮಾನ್ಯವಾಗಿ ಚಿಕ್ಕದು. ಒಳಗೆ ಬಂದವರು ಭೂಗೋಳದೊಳಗೆ ನುಗ್ಗುವ ಎಸ್ಕಲೇಟರ್ ಕಂಡು ಅದನ್ನೇ ಹತ್ತಿಬಿಡುತ್ತಾರೆ. ತಡೆಯಿರಿ. ಮೊದಲು ಕಟ್ಟಡದ ಆ ತುದಿಗೆ, ಡೈನೊಸಾರ್‌ಗಳ ಕಡೆ ನಡೆಯಿರಿ. ಹನ್ನೊಂದರ ನಂತರ ಅಲ್ಲಿ ಇರುವೆ ಸಾಲಿನಂತೆ ಸರಿಯಬೇಕು. ಹಿಂದಿರುಗುವಾಗ ನಡುಹಜಾರದಲ್ಲಿ ತೂಗುವ 25 ಮೀಟರ್ ಉದ್ದದ ನೀಲಿ ತಿಮಿಂಗಿಲದ ಅಸ್ಥಿಪಂಜರದ ಕೆಳಗೆ ಮಕ್ಕಳನ್ನು ನಿಲ್ಲಿಸಿ, ಕೊನೆಗೆ ಎಸ್ಕಲೇಟರ್ ಹತ್ತಿ. ಮೇಲೆ ಜಪಾನಿನ ಕೋಬೆಯ ಅಂಗಡಿಯೊಂದರಲ್ಲಿ ಭೂಕಂಪವಾದ ಕ್ಷಣವನ್ನು ನೆಲ ನಡುಗಿಸಿ ತೋರಿಸುವ ಕೋಣೆಯಿದೆ. ಸಣ್ಣ ಮಕ್ಕಳು ಹೆದರಬಹುದು, ಕೈ ಹಿಡಿದಿರಿ.

ಊಟದ ನಂತರದ ಆಯ್ಕೆ ವಯಸ್ಸಿನ ಮೇಲೆ. ಆರಕ್ಕಿಂತ ಸಣ್ಣವರಿದ್ದರೆ ಸೈನ್ಸ್ ಮ್ಯೂಸಿಯಂನ ನೆಲಮಾಳಿಗೆಯ 'ಗಾರ್ಡನ್' ಆಟದ ಜಾಗ. ಬಿಸಿಲಿದ್ದರೆ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂನ ಒಳಅಂಗಳ: ಅಲ್ಲಿ ಪಾದ ಮುಳುಗುವಷ್ಟು ಆಳದ ಕೊಳ, ಮಕ್ಕಳು ನೀರಿಗಿಳಿದು ಆಡಬಹುದು. ಒಂದು ಜೊತೆ ಒಣ ಬಟ್ಟೆ, ಒಂದು ಪಂಚೆ ಚೀಲದಲ್ಲಿರಲಿ.

ಕನ್ನಡಿಗರು ಈ ಮ್ಯೂಸಿಯಂನಲ್ಲಿ ನೋಡದೆ ಬರಬಾರದ್ದು ಟಿಪ್ಪುವಿನ ಹುಲಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಲ್ಲಿಗೆ ಬಂದ ಮರದ ಹುಲಿ, ಕೆಳಗೆ ಬಿದ್ದ ಐರೋಪ್ಯನ ಮೇಲೆ ಎರಗಿದೆ, ಹೊಟ್ಟೆಯೊಳಗೆ ವಾದ್ಯವಿದೆ. ದರಿಯಾ ದೌಲತ್ ನೋಡಿ ಬಂದ ಮಕ್ಕಳಿಗೆ ಅದರ ಕಥೆ ಅರ್ಧ ಗೊತ್ತಿರುತ್ತದೆ. ಗ್ಯಾಲರಿಗಳ ನವೀಕರಣ ನಡೆಯುತ್ತಿರುತ್ತದೆ, ವಸ್ತುಗಳು ಜಾಗ ಬದಲಿಸುತ್ತವೆ. ಹಿಂದಿನ ದಿನ ಮ್ಯೂಸಿಯಂ ಜಾಲತಾಣದಲ್ಲಿ ವಸ್ತುವಿನ ಹೆಸರು ಹುಡುಕಿ, ಪ್ರದರ್ಶನದಲ್ಲಿದೆಯೇ, ಯಾವ ಕೋಣೆ ಎಂದು ಬರೆದುಕೊಂಡೇ ಹೋಗಿ.

ಮೂರನೆಯ ದಿನ – ವೆಸ್ಟ್‌ಮಿನ್‌ಸ್ಟರ್. ಬಕಿಂಗ್‌ಹ್ಯಾಮ್ ಅರಮನೆಯ ಮುಂದಿನ ಕಾವಲು ಬದಲಾವಣೆಗೆ ಜನ ಮುಗಿಬೀಳುತ್ತಾರೆ. ಅದು ದಿನವೂ ನಡೆಯುವುದಿಲ್ಲ, ಸಾಮಾನ್ಯವಾಗಿ ವಾರದಲ್ಲಿ ನಾಲ್ಕು ದಿನ. ಮಳೆ ಜೋರಾದರೆ ರದ್ದು. ನಡೆದರೂ ಒಂದೂವರೆ ಗಂಟೆ ಮೊದಲು ಕಂಬಿ ಹಿಡಿದು ನಿಲ್ಲದ ಮಗುವಿಗೆ ಕಾಣುವುದು ಮುಂದಿನವರ ಬೆನ್ನು. ನನ್ನ ಸಲಹೆ: ವೈಟ್‌ಹಾಲ್‌ನ ಹಾರ್ಸ್ ಗಾರ್ಡ್ಸ್‌ಗೆ ಹೋಗಿ. ಕುದುರೆ ಸವಾರರ ಕಾವಲು ಅಲ್ಲಿ ಪ್ರತಿದಿನ ಹನ್ನೊಂದಕ್ಕೆ, ಭಾನುವಾರ ಹತ್ತಕ್ಕೆ ಬದಲಾಗುತ್ತದೆ. ಎತ್ತರದ ಕಂಬಿ ಬೇಲಿಯಿಲ್ಲ, ಕುದುರೆಗಳ ಬಾಯಿಯ ನೊರೆ ಕಾಣುವಷ್ಟು ಹತ್ತಿರ. ಕುದುರೆಯನ್ನು ಮುಟ್ಟಲು, ಲಗಾಮು ಹಿಡಿಯಲು ಹೋಗಬೇಡಿ. ಕಚ್ಚುತ್ತವೆ, ಒದೆಯುತ್ತವೆ ಎಂಬ ಫಲಕ ಸುಮ್ಮನೆ ಹಾಕಿದ್ದಲ್ಲ.

ಅಲ್ಲಿಂದ ಮೈದಾನ ದಾಟಿದರೆ ಸೇಂಟ್ ಜೇಮ್ಸ್ ಪಾರ್ಕ್. ಬುತ್ತಿ, ನಿದ್ದೆ, ಆಟ ಎಲ್ಲ ಇಲ್ಲಿಯೇ. ಮಧ್ಯಾಹ್ನ ಎರಡೂವರೆಯಿಂದ ಮೂರರ ನಡುವೆ ಕೆರೆಯ ಪೆಲಿಕನ್‌ಗಳಿಗೆ ಮೀನು ಹಾಕುತ್ತಾರೆ. ಅರಮನೆಯನ್ನು ಹೊರಗಿನಿಂದ ನೋಡಿ ಬರಲು ಉದ್ಯಾನದ ಪಶ್ಚಿಮ ತುದಿಗೆ ನಡೆದರಾಯಿತು; ಮಕ್ಕಳ ಆಟದ ಅಂಗಳವೂ ಆ ಕಡೆಯೇ.

ಬಿಸಿಲು ಇಳಿದ ಮೇಲೆ ವೆಸ್ಟ್‌ಮಿನ್‌ಸ್ಟರ್ ಸೇತುವೆ ದಾಟಿ, ನದಿಯ ಆ ದಡದಲ್ಲಿ ಬಲಕ್ಕೆ ತಿರುಗಿ. ಕೋವಿಡ್‌ನಲ್ಲಿ ತೀರಿಕೊಂಡವರಿಗಾಗಿ ಬರೆದ ಸಾವಿರಾರು ಕೆಂಪು ಹೃದಯಗಳ ಗೋಡೆ ಸಿಗುತ್ತದೆ. ಎದುರು ದಡದಲ್ಲಿ ಸಂಸತ್ ಭವನ ಪೂರ್ತಿ ಕಾಣುತ್ತದೆ. ಫೋಟೋಗೆ ಸೇತುವೆಗಿಂತ ಇದು ಒಳ್ಳೆಯ ಜಾಗ. ಹಾಗೇ ಅದೇ ದಡದಲ್ಲಿ ಮುಂದೆ, ಲ್ಯಾಂಬೆತ್ ಸೇತುವೆ ಹತ್ತದೆ ಅದರ ಪಕ್ಕದಲ್ಲಿ ಹಾದು, ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ಗೆ ಬಂದರೆ ಬಸವಣ್ಣನವರ ಪ್ರತಿಮೆ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದ್ದು. ಅರ್ಧ ಗಂಟೆಯ ನಿಧಾನ ನಡಿಗೆ. ನಮ್ಮ ಅತ್ತೆ ಅಲ್ಲಿ ಬೆಂಚಿನ ಮೇಲೆ ಕುಳಿತು, ಮೊಮ್ಮಗಳಿಗೆ ತಮಗೆ ಬರುವ ವಚನಗಳನ್ನೆಲ್ಲ ಹೇಳಿಸಿಯೇ ಎದ್ದರು. ಹಿಂದಿರುಗಲು ವಾಕ್ಸ್‌ಹಾಲ್ ನಿಲ್ದಾಣ ಹತ್ತಿರ, ಲಿಫ್ಟ್ ಇದೆ. ವೆಸ್ಟ್‌ಮಿನ್‌ಸ್ಟರ್‌ವರೆಗೆ ಮತ್ತೆ ನಡೆಯಬೇಡಿ.

ನಾಲ್ಕನೆಯ ದಿನ – ಬ್ಲೂಮ್ಸ್‌ಬರಿ. ಬ್ರಿಟಿಷ್ ಮ್ಯೂಸಿಯಂ ಪೂರ್ತಿ ನೋಡಲು ಯಾರಿಂದಲೂ ಆಗದು. ಐದೇ ವಸ್ತು ಆರಿಸಿ. ನಾನು ಕರೆದೊಯ್ಯುವ ಕ್ರಮ: ರೊಸೆಟ್ಟಾ ಶಿಲೆ (ಕೋಣೆ 4), ಅಸ್ಸೀರಿಯದ ಸಿಂಹ ಬೇಟೆಯ ಕಲ್ಲುಗಳು (10ಎ), ಮಮ್ಮಿಗಳು (62–63), ಲೂಯಿಸ್ ಚದುರಂಗದ ಕಾಯಿಗಳು (40), ಕೊನೆಗೆ ನಮ್ಮ ಅಮರಾವತಿಯ ಶಿಲ್ಪಗಳು (33ಎ). ಎರಡು ಗಂಟೆ ಸಾಕು. ಹಿರಿಯರಿಗೆ ಗಾಲಿಕುರ್ಚಿಯನ್ನೋ ಮಡಚುವ ಸ್ಟೂಲನ್ನೋ ಮಾಹಿತಿ ಮೇಜಿನಲ್ಲಿ ಕೇಳಿ. ದೊಡ್ಡ ಮ್ಯೂಸಿಯಂಗಳಲ್ಲಿ ಇವನ್ನು ಬಾಡಿಗೆಯಿಲ್ಲದೆ ಕೊಡುತ್ತಾರೆ. ಕೇಳಲು ಸಂಕೋಚಪಟ್ಟು ನರಳುವ ಹಿರಿಯರನ್ನು ಕಂಡು ನನಗೆ ಸಂಕಟವಾಗುತ್ತದೆ.

ಮಧ್ಯಾಹ್ನ ಹತ್ತಿರದ ಕೋರಮ್ಸ್ ಫೀಲ್ಡ್ಸ್ ಎಂಬ ಮಕ್ಕಳ ಬಯಲಿಗೆ ಹೋಗಿ. ಜೊತೆಗೆ ಮಗು ಇಲ್ಲದ ದೊಡ್ಡವರಿಗೆ ಒಳಗೆ ಪ್ರವೇಶವೇ ಇಲ್ಲ. ನಿಶ್ಚಿಂತೆಯಿಂದ ಮಕ್ಕಳನ್ನು ಬಿಡಬಹುದು.

ಹಂತ 6: ಊಟ

ಬೆಳಿಗ್ಗೆ ಚಿತ್ರಾನ್ನವೋ ಪುಳಿಯೋಗರೆಯೋ ಡಬ್ಬಿಗೆ ಹಾಕಿಕೊಂಡು ಹೊರಡುವ ಸಂಸಾರವೇ ಲಂಡನ್ನಿನಲ್ಲಿ ಸುಖವಾಗಿ ಇರುವುದು. ಒಲೆ ಇಲ್ಲದಿದ್ದರೆ ಸೂಪರ್‌ಮಾರ್ಕೆಟ್ಟಿನಲ್ಲಿ ಮೈಕ್ರೊವೇವ್‌ನಲ್ಲಿ ಎರಡು ನಿಮಿಷಕ್ಕೆ ಬಿಸಿಯಾಗುವ ಅನ್ನದ ಪೊಟ್ಟಣ ಸಿಗುತ್ತದೆ. ಮೊಸರನ್ನಕ್ಕೆ 'ನ್ಯಾಚುರಲ್ ಯೋಗರ್ಟ್' ಎಂದು ಬರೆದದ್ದನ್ನೇ ತನ್ನಿ. ಗ್ರೀಕ್ ಮೊಸರು ಗಟ್ಟಿ, ಅನ್ನಕ್ಕೆ ಹಿಡಿಯದು.

ಸಸ್ಯಾಹಾರಿಗಳಿಗೆ ಮುಖ್ಯ ಎಚ್ಚರಿಕೆ: ಇಲ್ಲಿ 'ವೆಜಿಟೇರಿಯನ್' ಎಂದರೆ ಮೊಟ್ಟೆ ಇರಬಹುದು. ಮೊಟ್ಟೆ ತಿನ್ನದವರು 'ವೀಗನ್' ಗುರುತು ನೋಡಿ ಕೊಳ್ಳಿ, ಇಲ್ಲವೇ ಪದಾರ್ಥಗಳ ಪಟ್ಟಿ ಓದಿ. ಮೊಟ್ಟೆ, ಹಾಲಿನಂಥ ಅಲರ್ಜಿ ತರುವ ವಸ್ತುಗಳನ್ನು ದಪ್ಪಕ್ಷರದಲ್ಲಿ ಮುದ್ರಿಸಿರುತ್ತಾರೆ. ದೋಸೆ–ಇಡ್ಲಿಗೆ ಮನಸ್ಸು ಹಾತೊರೆದರೆ ಈಸ್ಟ್ ಹ್ಯಾಮ್, ಟೂಟಿಂಗ್, ವೆಂಬ್ಲಿಗಳಿವೆ. ನಡು ನಗರದಲ್ಲಾದರೆ ಯೂಸ್ಟನ್ ಹಿಂದಿನ ಡ್ರಮಂಡ್ ಬೀದಿ. ನಲ್ಲಿ ನೀರು ಕುಡಿಯಲು ಯೋಗ್ಯ; ಮ್ಯೂಸಿಯಂಗಳಲ್ಲಿ ಬಾಟಲಿ ತುಂಬಿಸಿಕೊಳ್ಳಿ.

ಹಂತ 7: ಎಚ್ಚರಿಕೆಯ ಸೂಚನೆಗಳು

ಮಗು ರೈಲಿನಲ್ಲಿ ಉಳಿದುಹೋದರೆ ಏನು ಮಾಡಬೇಕೆಂದು ಮೊದಲ ದಿನವೇ ಕಲಿಸಿ: ಮುಂದಿನ ನಿಲ್ದಾಣದಲ್ಲಿ ಇಳಿದು ಅಲ್ಲೇ ನಿಲ್ಲಬೇಕು, ನಾವು ಬರುತ್ತೇವೆ. ಮಗು ಪ್ಲಾಟ್‌ಫಾರಂನಲ್ಲಿ ಉಳಿದರೆ ಅಲ್ಲಾಡಬಾರದು. ಇದನ್ನು ಮಕ್ಕಳ ಬಾಯಲ್ಲೇ ಮೂರು ಸಲ ಹೇಳಿಸಿ. ಮುಂಗೈ ಮೇಲೆ ಪೆನ್ನಿನಿಂದ ದೂರವಾಣಿ ಸಂಖ್ಯೆ ಬರೆಯಿರಿ.

ಮೊಬೈಲನ್ನು ರಸ್ತೆಯ ಅಂಚಿನಲ್ಲಿ ನಿಂತು ಹಿಡಿಯಬೇಡಿ. ವಿದ್ಯುತ್ ಸೈಕಲ್ಲಿನಲ್ಲಿ ಬಂದವರು ಕಿತ್ತುಕೊಂಡು ಹೋಗುವುದು ಇಲ್ಲಿ ನಿತ್ಯದ ಕಳ್ಳತನ. ನಕ್ಷೆ ನೋಡಬೇಕಾದರೆ ಅಂಗಡಿಯ ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲಿ. ವೆಸ್ಟ್‌ಮಿನ್‌ಸ್ಟರ್ ಸೇತುವೆಯ ಮೇಲೆ ಮೂರು ಬಟ್ಟಲು ತಿರುಗಿಸಿ ಪಂದ್ಯ ಕಟ್ಟಿಸುವವರ ಸುತ್ತ ಗೆಲ್ಲುತ್ತಿರುವಂತೆ ಕುಣಿಯುವವರೂ ಅದೇ ಗುಂಪಿನವರು. ನೋಡಲು ನಿಂತರೂ ಜೇಬು ಹಗುರಾಗುತ್ತದೆ. ಬೀದಿಯಲ್ಲಿ "ಟ್ಯಾಕ್ಸಿ ಬೇಕೇ" ಎಂದು ತಾನಾಗಿ ಕೇಳುವವನ ಕಾರು ಹತ್ತಬೇಡಿ. ಕೈ ತೋರಿಸಿ ನಿಲ್ಲಿಸಬಹುದಾದದ್ದು ಕಪ್ಪು ಕ್ಯಾಬ್ ಮಾತ್ರ, ಉಳಿದವನ್ನು ಮುಂಚಿತವಾಗಿ ಕಾದಿರಿಸಿರಬೇಕು.

ತುರ್ತಿಗೆ 999, ತುರ್ತಲ್ಲದ ಆರೋಗ್ಯ ಸಲಹೆಗೆ 111. ಪ್ರಯಾಣ ವಿಮೆಯ ಕಾಗದ ಮೊಬೈಲಿನಲ್ಲಿ ಮಾತ್ರವಲ್ಲ, ಚೀಲದಲ್ಲೂ ಇರಲಿ.

ದಣಿವಿನ ಸೂಚನೆಗಳನ್ನೂ ಓದಲು ಕಲಿಯಿರಿ. ಮಗು ಎಲ್ಲದಕ್ಕೂ "ಬೇಡ" ಎನ್ನಲು ಶುರುಮಾಡಿದರೆ ಅದು ಹಟವಲ್ಲ, ಹಸಿವೋ ನಿದ್ದೆಯೋ. ಹಿರಿಯರು "ನೀವು ನೋಡಿ ಬನ್ನಿ, ನಾನು ಇಲ್ಲೇ ಕೂರುತ್ತೇನೆ" ಎಂದು ಒಂದೇ ದಿನ ಎರಡನೆಯ ಸಲ ಹೇಳಿದರೆ ಅಂದಿನ ಸುತ್ತಾಟ ಮುಗಿಯಿತೆಂದು ತಿಳಿಯಿರಿ. ತಕ್ಷಣ ಬಸ್ಸು ಹತ್ತಿ.

ಹಂತ 8: ಮಳೆ ಮತ್ತು ಚಳಿಗಾಲದ ಬದಲಾವಣೆ

ದಿನವಿಡೀ ಮಳೆ ಸುರಿದರೆ ಬೆತ್ನಲ್ ಗ್ರೀನ್‌ನ 'ಯಂಗ್ ವಿ ಆ್ಯಂಡ್ ಎ' ಮಕ್ಕಳಿಗೆಂದೇ ಇರುವ ಉಚಿತ ಮ್ಯೂಸಿಯಂ. ಅಥವಾ 15ನೇ ನಂಬರಿನ ಬಸ್ಸಿನ ಮೇಲ್ಮಹಡಿಯ ಮುಂದಿನ ಸೀಟು ಹಿಡಿದು ಟವರ್‌ನಿಂದ ಸೇಂಟ್ ಪಾಲ್ಸ್ ಮುಂದೆ ಹಾದು ಟ್ರಫಾಲ್ಗರ್ ಚೌಕದ ಕಡೆಗೆ ಹೋಗಿ. ಪ್ರವಾಸಿ ಬಸ್ಸಿನ ಟಿಕೆಟ್ಟಿಗಿಂತ ಬಹಳ ಅಗ್ಗ.

ಡಿಸೆಂಬರಿನಲ್ಲಿ ನಾಲ್ಕಕ್ಕೇ ಕತ್ತಲು. ಆಗ ಕ್ರಮವನ್ನು ತಿರುಗಿಸಿ: ಬೆಳಿಗ್ಗೆ ಉದ್ಯಾನ, ಮಧ್ಯಾಹ್ನದ ಮೇಲೆ ಮ್ಯೂಸಿಯಂ. ಡಿಸೆಂಬರ್ 24ರಿಂದ 26ರವರೆಗೆ ದೊಡ್ಡ ಮ್ಯೂಸಿಯಂಗಳು ಮುಚ್ಚಿರುತ್ತವೆ. 25ರಂದು ಬಸ್ಸೂ ಇಲ್ಲ, ಟ್ಯೂಬೂ ಇಲ್ಲ. ಆ ದಿನ ವಿಮಾನ ಹಿಡಿಯುವವರು ಕಾರನ್ನು ವಾರ ಮೊದಲೇ ಗೊತ್ತುಮಾಡಿರಬೇಕು.

ಹಂತ 9: ಐದನೆಯ ದಿನ ಖಾಲಿ ಬಿಡಿ

ಈ ದಿನಕ್ಕೆ ಏನನ್ನೂ ಬರೆಯಬೇಡಿ. ಮಳೆಯಲ್ಲಿ ತಪ್ಪಿದ್ದು, ಸಾಲಿನಿಂದಾಗಿ ಬಿಟ್ಟದ್ದು ಇಲ್ಲಿ ಕೂರುತ್ತದೆ. ಏನೂ ತಪ್ಪಿಲ್ಲವಾದರೆ ಮಕ್ಕಳನ್ನೇ ಕೇಳಿ. ಕಳೆದ ಬೇಸಿಗೆಯಲ್ಲಿ ನನ್ನ ಅಣ್ಣನ ಏಳು ವರ್ಷದ ಮಗಳು ಕೇಳಿದ್ದು ಒಂದೇ: ಚಾಲಕನಿಲ್ಲದ ಆ ರೈಲು ಮತ್ತೊಮ್ಮೆ. ಬ್ಯಾಂಕ್‌ನಿಂದ ಲೂಯಿಶಮ್‌ಗೆ, ಲೂಯಿಶಮ್‌ನಿಂದ ಬ್ಯಾಂಕ್‌ಗೆ, ಮುಂದಿನ ಸೀಟಿನಲ್ಲಿ, ಕೈಯಲ್ಲಿ ಚಿತ್ರಾನ್ನದ ಡಬ್ಬಿ ಹಿಡಿದು ಎರಡು ಸಲ ಹೋಗಿ ಬಂದೆವು.

ಸಂಜೆ ಐದರೊಳಗೆ ಮನೆ ಸೇರಿ. ಪೆಟ್ಟಿಗೆ ತೂಗಿ, ಅಡಾಪ್ಟರ್‌ಗಳನ್ನು ಗೋಡೆಯಿಂದ ಬಿಚ್ಚಿಕೊಂಡು, ಪಾಸ್‌ಪೋರ್ಟ್‌ಗಳನ್ನು ಎಣಿಸಿ. ಐದು ದಿನದ ಬ್ಯಾಂಕ್ ಸಂದೇಶಗಳನ್ನು ಒಮ್ಮೆ ನೋಡಿ. ಯಾವುದಾದರೂ ದಿನ ಗರಿಷ್ಠ ದರ ಕಡಿತವಾಗಿದ್ದರೆ ಸಾರಿಗೆ ಸಂಸ್ಥೆಯ ಜಾಲತಾಣದಲ್ಲಿ ಅಪೂರ್ಣ ಪ್ರಯಾಣವೆಂದು ತಿಳಿಸಿ ಮರುಪಾವತಿ ಕೇಳಬಹುದು. ಅದನ್ನು ಅಂದೇ ರಾತ್ರಿ ಮಾಡಿ, ಯಾವ ನಿಲ್ದಾಣದಲ್ಲಿ ಹತ್ತಿ ಎಲ್ಲಿ ಇಳಿದಿರೆಂಬುದು ಆಗಿನ್ನೂ ನೆನಪಿರುತ್ತದೆ.